ಗಲಬರಿಸಿದ ಬಾಟಲಿಗಳು

ಹೊಸಹಳ್ಳಿಯ ಚಿಗವ್ವನಿಗೆ, ಕಡಲ ದಂಡೆಯಿಂದ ಶಿವಗಂಗಾ.

ಇಲ್ಲಿ ಹಡಗು ಒಡೆದು ಎಣ್ಣೆ ಹರಡಿದೆ. ನೀರು ನವಿಲಿನ ಕತ್ತಿನ ಹಾಗೆ ಮಿರುಗುತ್ತದೆ, ವಾಸನೆ ಮಾತ್ರ ಪಂಪ್‌ಸೆಟ್ ಶೆಡ್ಡಿನದು. ದೋಣಿಯಲ್ಲಿ ಹೋಗಿ ಅದನ್ನು ಗಾಜಿನ ಬಾಟಲಿಗಳಲ್ಲಿ ಹಿಡಿದು ಲ್ಯಾಬಿಗೆ ಕೊಡುವುದು ನನ್ನ ಕೆಲಸ. ನಿನ್ನೆ ಎಲ್ಲ ಹಾಳಾಯಿತು, ನಿನ್ನಿಂದ! "ಕೊಡ ಗಲಬರಸ್ಲಾರ್ದ ನೀರು ಹಿಡದಿ ಅಂದ್ರ ಕೈ ಮುರಿತೀನಿ ನೋಡ" ಎಂದು ನಳದ ಮುಂದೆ ನೀನು ನನ್ನನ್ನು ಎಷ್ಟು ಸಲ ಗದರಿಸಿದ್ದೆ? ಈ ಹಾಳು ಕೈ ತಾನಾಗಿಯೇ ಪ್ರತಿ ಬಾಟಲಿಗೂ ಒಂದಿಷ್ಟು ನೀರು ಹಾಕಿ, ಅಲ್ಲಾಡಿಸಿ, ಚೆಲ್ಲಿ, ಆಮೇಲೆ ತುಂಬಿತು. ಚೆಲ್ಲಿದ ನೀರಿನ ಎಣ್ಣೆ ಗಾಜಿಗೆ ಅಂಟಿಕೊಂಡು ಅಳತೆ ಹೆಚ್ಚು ತೋರಿಸುತ್ತದಂತೆ. ಹನ್ನೆರಡು ಬಾಟಲಿಯೂ ಕಸಕ್ಕೆ ಹೋದವು. ಅಳತೆ ಬರುವವರೆಗೆ ಮೀನುಗಾರರು ಬಲೆ ಹಾಕುವಂತಿಲ್ಲ. ಇನ್ನೂ ಒಂದು ದಿನ ನನ್ನ ಮುಖವನ್ನೇ ನೋಡುತ್ತ ದಡದಲ್ಲಿ ಕುಳಿತರು.

ದೋಣಿಯಲ್ಲಿ ವಾಂತಿ ಆಗುವುದು ನಿಂತಿದೆ, ನಿಂಬೆಹಣ್ಣು ಕಳಿಸಬೇಡ.

ಇವತ್ತು ಲ್ಯಾಬಿನ ಮೇಡಂ ದೋಣಿಗೇ ಬಂದು ಪಕ್ಕದಲ್ಲೇ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡೇ ನೀರು ತುಂಬಿಸಿದರು. "ಇಂಥ ಕೆಟ್ಟ ಚಾಳಿ ಯಾರು ಕಲಿಸಿದ್ದು ನಿಂಗೆ?" ಎಂದು ಕೇಳಿದರು.

ನಿನ್ನ ಹೆಸರು ಹೇಳಲಿಲ್ಲ.