ತೊಟ್ಟಿಲಿಗೆ ಹಿಪ್ಪುನೇರಳೆ ಸೊಪ್ಪು

ಕೂಟಗಲ್
14 ಜುಲೈ 2024

ಪ್ರೀತಿಯ ಮಿಸ್ಬಾ,

ಹೇಗಿದ್ದೀಯ? ನಿನಗೆ ಬರೆಯಲು ಕೂತಾಗಲೆಲ್ಲ ಮಗಳು ಎದ್ದುಬಿಡುತ್ತಾಳೆ. ಅವಳು ಮಲಗಿದರೆ ನಮ್ಮತ್ತೆ ಏಳುತ್ತಾರೆ. ತಡವಾಯಿತೆಂದು ಬೈಯಬೇಡ ಮಾರಾಯ್ತಿ.

ಅತ್ತೆಯ ಮರೆವು ಹೆಚ್ಚಿದೆ. ರೇಷ್ಮೆ ಹುಳ ಸಾಕುವುದನ್ನು ನಾವು ಬಿಟ್ಟು ವರ್ಷಗಳಾದರೂ ಅವರಿಗೆ ನಡುಮನೆ ಈಗಲೂ ಹುಳದ ಮನೆಯೇ. ಹೋದ ವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಮರಿಹುಳಕ್ಕೆ ಹಾಕುವಂತೆ ಹಿತ್ತಲಲ್ಲಿ ಉಳಿದಿರುವ ಗಿಡದ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತೊಟ್ಟಿಲಲ್ಲಿದ್ದ ಮಗುವಿನ ಮೇಲೆ ಉದುರಿಸಿದ್ದರು! ನಾನು ಕಿರುಚಿದೆ. ಮಗು ನಗುತ್ತಿತ್ತು, ಅತ್ತೆ ಸೊಪ್ಪಿನ ಮೊರ ಬಿಟ್ಟು ಗೋಡೆಗೆ ಸರಿದರು. ನಮ್ಮ ಮನೆಯವರು ಗಾಬರಿಯಾಗಿ, "ಅವ್ವನ್ನ ಕನಕಪುರಕ್ಕೆ ಕರ್ಕೊಂಡೋಗು" ಎಂದು ತಂಗಿ ಶ್ವೇತಳಿಗೆ ಫೋನ್ ಮಾಡಿದರು. ನಾನು ಬೇಡ ಎನ್ನಲಿಲ್ಲ.

ರಾಮನಗರದ ಡಾಕ್ಟರಿಗೆ ತೋರಿಸಿದೆವು. ಅವರು ಹೇಳಿದರು: ಮಿದುಳಿನ ಜೀವಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕಗಳು ಏರುಪೇರಾಗಿವೆಯಂತೆ. ಸಂಜೆಯ ತಳಮಳ, ಅನುಮಾನ ಎಲ್ಲ ಅದರಿಂದಲೇ, ಹಟದಿಂದಲ್ಲ. "ವಾದ ಮಾಡಬೇಡಿ, ಏನಾದರೂ ಕೆಲಸ ಕೊಡಿ. ಮಗುವಿನ ಜೊತೆ ಅವರೊಬ್ಬರನ್ನೇ ಬಿಡಬೇಡಿ."

ಮರುದಿನ ಅತ್ತೆ ಮತ್ತೆ ಸೊಪ್ಪು ಹಿಡಿದು ಬಂದಾಗ, "ಅವ್ವಾ, ಹುಳ ಜ್ವರಕ್ಕೆ ಕೂತವೆ" ಎಂದೆ. ಪೊರೆ ಬಿಡುವ ಆ ಹೊತ್ತಲ್ಲಿ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ, ಅಲುಗಾಡಿಸುವಂತಿಲ್ಲ. ನೂಲು ಬಿಚ್ಚುವವರ ಮನೆಯ ನಿನಗೆ ಹೇಳಬೇಕೆ! "ಹಂಗಾರೆ ಯಾರ್ನೂ ಒಳಕ್ಕೆ ಬುಡಬ್ಯಾಡ" ಎಂದು ಹೊಸ್ತಿಲಲ್ಲೇ ಕಾವಲು ಕೂತರು.

ಅಷ್ಟರಲ್ಲಿ ಶ್ವೇತ ಬಂದಳು, ಘಮಘಮ ಅನ್ನುತ್ತಾ.

"ಯಾರವ್ವಾ ನೀನು? ಸೆಂಟ್ ಹೊಡ್ಕಂಡು ಹುಳದ ಮನೆಗೆ ಬಂದ್ಬುಟ್ಟೆಯಲ್ಲ, ಹುಳಕ್ಕೆ ವಾಸ್ನೆ ಆಗಾಕಿಲ್ಲ!"

"ಅವ್ವಾ, ನಾನ್ ಕಣವ್ವ, ನಿನ್ ಮಗಳು!"

"ಮಗಳಾದ್ರೇನು, ಹುಳಕ್ಕೆ ಗೊತ್ತಾಯ್ತದಾ? ಹೋಗು, ಮೈ ತೊಳ್ಕಂಡ್ ಬಾ."

ಶ್ವೇತ ನಗುತ್ತಾ ಸ್ನಾನ ಮಾಡಿ, ನನ್ನ ಸೀರೆ ಉಟ್ಟು ಒಳಗೆ ಬಂದಳು. ಸಂಜೆ ಮೆಲ್ಲಗೆ ಕೇಳಿದಳು: "ನಮ್ಮನೇಲಿ ಅವ್ವಂಗೆ ಕಾಯಕ್ಕೆ ಏನೈತೆ ಅತ್ತಿಗೆ?"

"ಇಲ್ಲೇ ಇರಲಿ" ಎಂದುಬಿಟ್ಟೆ. ಇನ್ನು ಭಾನುವಾರಗಳಂದು ಅವಳು ಬಂದು ಅತ್ತೆ, ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾಳೆ, ನಾನು ನಿದ್ದೆ ಮಾಡಬಹುದು. ನಿದ್ದೆ ಕಣೇ!

ನಿನ್ನ ಪುಟ್ಟನಿಗೆ ನೂರು ವರ್ಷ ಆಯಸ್ಸಾಗಲಿ. ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ
ಭಾನುಪ್ರಿಯ

ಮರೆತಿದ್ದೆ: ಅತ್ತೆ ನನ್ನನ್ನು ಸೊಪ್ಪು ಕೊಯ್ಯಲು ಬಂದ ಆಳು ಅಂದುಕೊಂಡಿದ್ದಾರೆ. ನಿನ್ನೆ, "ನಮ್ ಸೊಸೆ ಬರ್ಲಿ, ನಿನ್ನ ಮನೆಗ್ ಕಳುಸ್ತೀನಿ. ಒಸಿ ಮಲಕ್ಕೊಳ್ಳುವಂತೆ" ಎಂದರು. ಸೊಸೆ ಎಂಥವಳೆಂದು ಕೇಳಿದೆ. "ಒಳ್ಳೇವ್ಳು ಕಣಮ್ಮ. ಎಲ್ಲೋದ್ಲೋ, ಇನ್ನೂ ಬರ್ನಿಲ್ಲ." ನಾನೂ ಅವರ ಪಕ್ಕ ಕೂತು ಬೀದಿಯ ಕಡೆ ನೋಡಿದೆ.