ಎಡಕ್ಕೆ ನಿಂತ ಟಾಸ್ಕ್‌ಬಾರ್

12 ಡಿಸೆಂಬರ್ 2004, ಭಾನುವಾರ. ಚಳ್ಳಕೆರೆ.

ಕೊಂಡ್ಲಹಳ್ಳಿಯ ಮದುವೆ ಮುಗಿಸಿ ಬಂದು ಕಂಪ್ಯೂಟರ್ ಹಾಕಿದರೆ, ಪರದೆಯ ಅಡಿಯಲ್ಲಿ ಮಲಗಿರಬೇಕಾದ ಟಾಸ್ಕ್‌ಬಾರ್ ಎಡಗಡೆ ಕಂಬದ ಹಾಗೆ ನಿಂತಿತ್ತು. ಅವ್ವ ಹೇಳಿ ನಾನು ಟೈಪ್ ಮಾಡಿಟ್ಟ ಕಥೆಗಳೆಲ್ಲ ಹೋದವು ಎಂದು ಕೂಗಿಕೊಂಡೆ. ಮಗಳು ಸರಿತಾ ನಕ್ಕಳು.

"ಏನೂ ಆಗಿಲ್ಲ ಕಣಪ್ಪ. ಖಾಲಿ ಜಾಗದಾಗೆ ಮೌಸ್ ಒತ್ತಿಹಿಡ್ಕಂಡು ಕೆಳಕ್ಕೆ ಎಳಿ."

ಎಳೆದೆ. ಹಗ್ಗ ಕಟ್ಟಿದ ಕುರಿಮರಿಯ ಹಾಗೆ ಬಂತು.

"ಯಾರು ಹಿಂಗೆ ನಿಲ್ಸಿದ್ದು?"

"ದುರುಗೇಶ್ ಮಾಮನ ಮನೇಲಿ ಹಿಂಗೇ ಐತಲ್ಲ," ಅಂದಳು.

ಅಡುಗೆಮನೆಯಿಂದ ಹೆಂಡತಿ ರೇಣುಕಮ್ಮ, "ಹೂಂ, ನಿನ್ನೆ ಬಂದಿದ್ರು. ನೀವೇ ಹೇಳಿದ್ರಂತೆ, ಕಥೆಗಳ್ನೆಲ್ಲ ಫ್ಲಾಪಿಗೆ ಹಾಕ್ಕಂಡು ಹೋದ್ರು. ಕಾಫಿನೂ ಕೊಟ್ಟೆ," ಅಂದಳು.

ನಾನು ಹೇಳಿರಲಿಲ್ಲ. ಚಿಕ್ಕವರಿದ್ದಾಗ ನಮ್ಮೂರು ನನ್ನಿವಾಳದಲ್ಲಿ ನನ್ನ ಜೊತೆ ಒಂದೇ ಕಂಬಳಿ ಹೊದ್ದು ಅವ್ವನ ಕಥೆ ಕೇಳಿದವನು ದುರುಗೇಶ. ಫೋನ್ ಮಾಡಿದರೆ ನಗುತ್ತಾನೆ.

"ಕಥೆ ಏನ್ ನಿಮ್ಮಪ್ಪನ ಆಸ್ತಿನೇನ್ಲೇ? ನಿಮ್ಮವ್ವ ನಂಗೂ ಹೇಳಿದ್ಲು. ನನ್ನ ಹೆಸರಲ್ಲೇ ಬುಕ್ ಮಾಡಿಸ್ತೀನಿ."

ಅವ್ವ ಅವನಿಗೂ ಹೇಳಿದ್ದು ನಿಜ. ಅವನು ಮರೆತ. ಒಂದೊಂದೇ ಅಕ್ಷರ ಒತ್ತಿ ಕೂಡಿಸಿದವನು ನಾನು. ಕೇಳಿದ್ದರೆ ಇಬ್ಬರ ಹೆಸರೂ ಹಾಕೋಣ ಅನ್ನುತ್ತಿದ್ದೆ. ಕದ್ದನಲ್ಲ, ಅದೂ ನನ್ನ ಮನೆಯ ಕಾಫಿ ಕುಡಿದು.

ಕೊನೆಯ ಕಥೆ ಇನ್ನೂ ಅರ್ಧವೇ ಟೈಪ್ ಆಗಿದೆ. ರಾಕ್ಷಸನ ಮನೆ ಬಾಗಿಲಲ್ಲಿ ಹುಡುಗಿ ನಿಂತೇ ಇದ್ದಾಳೆ. ಮುಂದಿನದು ಅವನಿಗೆ ನೆನಪಿಲ್ಲ, ಕೇಳಲು ಅವ್ವ ಈಗಿಲ್ಲ. ನಾಳೆ ಕೇಳಿಕೊಂಡು ಬಂದೇ ಬರುತ್ತಾನೆ. ಹೇಳಬಾರದು. ಆದರೆ ಅವನು ಎದುರಿಗೆ ಕೂತು, "ಹೂಂ, ಆಮೇಲೆ?" ಅಂದರೆ ಈ ಹಾಳು ಬಾಯಿ ಸುಮ್ಮನಿರಬೇಕಲ್ಲ…