ಅಪ್ಪನ ಆಂಪ್ಲಿಫೈಯರಿಗೆ ಸ್ಪೀಕರ್ ಸಿಕ್ಕಿದ ದಿನ

ಅಪ್ಪಾ,

ನೀವು ತೀರಿಕೊಂಡ ಮೇಲೆ ನಿಮಗೆ ಕಾಗದ ಬರೆಯುವುದು ಹುಚ್ಚೆಂದು ಗೊತ್ತು. ಆದರೂ ಇವತ್ತು ಮಧ್ಯಾಹ್ನ ನಡೆದದ್ದನ್ನು ಬೇರೆ ಯಾರಿಗೆ ಹೇಳಲಿ?

ಸ್ಪೀಕರು ಭಾರವೆಂದು ಇವರು ಮಸ್ಕತ್ತಿನಿಂದ ಬರೀ ಆಂಪ್ಲಿಫೈಯರ್ ತಂದಾಗ, ನಿಮ್ಮ ಸ್ಪೀಕರಿನ ಜೋಡಿಯನ್ನು ಬಿಚ್ಚಿ ಕೊಟ್ಟವರು ನೀವೇ. ಸ್ಪೀಕರಿಲ್ಲದೆ ಹಾಕಿದರೆ ವಾಲ್ವಿನ ಸೆಟ್ಟು ಸುಟ್ಟುಹೋಗುತ್ತದೆಂದು ನಿಮ್ಮ ಹಳೇ ಆಂಪ್ಲಿಫೈಯರನ್ನು ಮತ್ತೆ ಹಾಕಲೇ ಇಲ್ಲ. ದಿನಾ ಅದರ ಧೂಳು ಮಾತ್ರ ಒರೆಸುತ್ತಿದ್ದಿರಿ.

ಇವತ್ತು ಇವರು ಮಂಗಳೂರಿನಿಂದ ಒಂದು ಸ್ವಿಚ್ಚು ತಂದು ಎರಡರ ನಡುವೆ ಕೂರಿಸಿದರು. ಆ ಕಡೆ ತಿರುಗಿಸಿದರೆ ಇವರದ್ದು, ಈ ಕಡೆ ತಿರುಗಿಸಿದರೆ ನಿಮ್ಮದು. ಸ್ಪೀಕರು ಅದೇ ಜೋಡಿ.

“ಇಷ್ಟು ಸಣ್ಣ ಕೆಲಸ ಮಾರಾಯ್ತಿ. ಮಾವ ಇರುವಾಗ ನನಗೆ ಹೊಳೆಯಲಿಲ್ಲ ನೋಡು.”

“ಈಗ ಸುಟ್ಟುಹೋದರೆ?” ಎಂದೆ. ಮಗುವಿನೊಂದಿಗೆ ರಾತ್ರಿಯಿಡೀ ಎದ್ದಿರುವ ನನ್ನ ತಲೆಗೆ ಈಚೆಗೆ ಎಲ್ಲವೂ ಸುಡುವಂತೆಯೇ ಕಾಣುತ್ತದೆ.

“ನಿನಗೆ ಎಲ್ಲದಕ್ಕೂ ಹೆದರಿಕೆ. ಜೀವ ಉಂಟಾ ನೋಡುವ.”

ವಾಲ್ವುಗಳು ನಿಧಾನಕ್ಕೆ ಕೆಂಪಾದವು. ಸ್ಪೀಕರಿನಿಂದ ಸಣ್ಣಗೆ ಗುಂಯ್ ಎಂದು ಕೇಳಿಸಿತು. ನನಗೆ ಅಳುವೇ ಬಂತು. ಇವರು ನಿಮ್ಮ ರೆಕಾರ್ಡುಗಳ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, “ಮಾವನಿಗೆ ಯಾವುದು ಇಷ್ಟ? ಮೊದಲು ಅದನ್ನೇ ಹಾಕುವ,” ಎಂದರು.

ಒಂದೊಂದನ್ನೇ ತೆಗೆದು ನೋಡಿದೆ; ಯಾವುದೆಂದು ನನಗೆ ಗೊತ್ತಿರಲಿಲ್ಲ. ಮಗು ಹುಟ್ಟಿದ ಮೇಲೂ, ಇವರು ಮಸ್ಕತ್ತಿನದ್ದನ್ನು ತರುವ ತನಕ, ಎಷ್ಟೋ ತಿಂಗಳು ನೀವು ಚಾವಡಿಯಲ್ಲಿ ಕೂತು ಅವುಗಳನ್ನು ಕೇಳುತ್ತಿದ್ದಿರಿ. ಒಳಗಿನಿಂದ ನಾನು ಹೇಳುತ್ತಿದ್ದದ್ದು ಒಂದೇ ಮಾತು: “ಸಣ್ಣ ಮಾಡಿ ಅಪ್ಪಾ, ಮಗು ಏಳ್ತದೆ.”